ತಪ್ಪನ್ನು ಹೇಳಿಕೊಳ್ಳುವ ಊರು

ಕಳೆದ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ, ಕೆನಡಾದ ಎಡ್ಮಂಟನ್ನಿನ ನಮ್ಮ ಬಡಾವಣೆಯ ಐಸ್ ಹಾಕಿ ರಿಂಕಿನಲ್ಲಿ, ಇಲ್ಲಿನ ಕನ್ನಡ ಬಳಗದ ಸ್ನೇಹಿತರೊಬ್ಬರ ಹತ್ತು ವರ್ಷದ ಮಗ ತನ್ನ ತಂಡದ ಗೋಲಿನೊಳಗೇ ಪಕ್, ಅಂದರೆ ಈ ಆಟದಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಹಾಕಿಬಿಟ್ಟ. ಗೋಲಿನ ಹಿಂದಿನಿಂದ ಎದುರು ಬದಿಯಲ್ಲಿದ್ದ ಜೊತೆಗಾರನಿಗೆ ಪಾಸ್ ಕೊಡಲು ಹೋದ. ಅದು ಅವರದೇ ಗೋಲ್‌ಕೀಪರ್ ಹುಡುಗಿಯ ಸ್ಕೇಟಿಗೆ ತಾಗಿ ಒಳಗೆ ಜಾರಿತು. ಆಟ ಮುಗಿಯುವ ಹೊತ್ತಾಗಿತ್ತು, ತಂಡ ಆ ಒಂದು ಗೋಲಿನಿಂದ ಸೋತಿತು. ಹುಡುಗ ಬೆಂಚಿಗೆ ಬಂದು ಹೆಲ್ಮೆಟ್ ತೆಗೆಯದೆ ತಲೆ ತಗ್ಗಿಸಿ ಕುಳಿತಾಗ, ತರಬೇತುದಾರ ಅವನೆದುರು ಮೊಣಕಾಲೂರಿ ಕುಳಿತು ಒಂದು ಕಥೆ ಹೇಳಿದ. ಇದೇ ಊರಿನಲ್ಲಿ, ಜಗತ್ತಿನ ಅತ್ಯುತ್ತಮ ತಂಡದಲ್ಲಿದ್ದ ಆಟಗಾರನೊಬ್ಬ, ಇದಕ್ಕಿಂತ ಬಹಳ ದೊಡ್ಡ ಪಂದ್ಯದಲ್ಲಿ, ನೀನು ಮಾಡಿದ್ದನ್ನೇ ಮಾಡಿದ್ದಾನೆ. ಮರುವರ್ಷ ಅದೇ ಮನುಷ್ಯ ಈ ಆಟದ ಅತಿದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಎತ್ತಿ ಹಿಡಿದ ಎಂದ. ಹುಡುಗ ತಲೆಯೆತ್ತಿ, ಅವನ ಹೆಸರೇನು ಎಂದು ಕೇಳಿದ.

ಊರಿನಿಂದ ಬಂದಿದ್ದ ಹುಡುಗನ ತಾತ ದಾವಣಗೆರೆ ಕಡೆಯವರು. ಮೊಮ್ಮಗನ ಆಟ ನೋಡಲೆಂದು ಆ ಚಳಿಯಲ್ಲಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕುಳಿತಿದ್ದವರು. ಕಾರು ಹತ್ತುವಾಗ ಹುಡುಗನ ಹೆಗಲ ಮೇಲೆ ಕೈಯಿಟ್ಟು, ತುಂಬು ಪ್ರೀತಿಯಿಂದಲೇ, "ಆಗಿದ್ದಾಯ್ತು ಬಿಡಪ್ಪ, ಊರಾಗೆ ಯಾರ ಮುಂದೂ ಹೇಳಬ್ಯಾಡ" ಎಂದರು. ಆ ಮಾತು ನನಗೆ ಚುಚ್ಚಿತು. ತರಬೇತುದಾರ ಆ ತಪ್ಪನ್ನು ಊರಿನ ಇತಿಹಾಸಕ್ಕೆ ಸೇರಿಸಿ ಹುಡುಗನನ್ನು ಹಗುರ ಮಾಡಿದ್ದ. ನಮ್ಮ ಹಿರಿಯರು ಅದನ್ನು ಬಚ್ಚಿಡುವ ಭಾರವನ್ನು ಅವನ ಮೇಲೆ ಹೊರಿಸಿದರು. ಇಬ್ಬರ ಉದ್ದೇಶವೂ ಒಂದೇ ಆಗಿತ್ತೆಂಬುದು ನನಗೆ ಗೊತ್ತಿದೆ. ಆದರೂ ಈ ಎರಡು ರೀತಿಗಳ ನಡುವಿನ ಅಂತರವನ್ನು ಕುರಿತು ಬರೆಯದೆ ಇರಲು ನನಗೆ ಆಗುತ್ತಿಲ್ಲ.

ತರಬೇತುದಾರ ಹೇಳಿದ ಆ ಆಟಗಾರ ಸ್ಟೀವ್ ಸ್ಮಿತ್. 1986ರ ಏಪ್ರಿಲ್ 30ರಂದು ಅವನಿಗೆ ಇಪ್ಪತ್ಮೂರು ವರ್ಷ ತುಂಬಿತ್ತು. ಎಡ್ಮಂಟನ್ ಆಯಿಲರ್ಸ್ ತಂಡ 1984 ಮತ್ತು 1985ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದು ಮೂರನೆಯದರತ್ತ ಹೊರಟಿತ್ತು. ವೇಯ್ನ್ ಗ್ರೆಟ್ಸ್‌ಕಿ ನಾಯಕನಾಗಿದ್ದ ಆ ತಂಡವನ್ನು ಆ ವರ್ಷ ತಡೆಯುವವರಿಲ್ಲವೆಂದು ಎಲ್ಲರೂ ನಂಬಿದ್ದರು. ಎದುರಾಳಿ ಕ್ಯಾಲ್ಗರಿ ಫ್ಲೇಮ್ಸ್, ಇಲ್ಲಿಂದ ದಕ್ಷಿಣಕ್ಕೆ ಮೂರು ಗಂಟೆಯ ಹಾದಿಯ ನೆರೆಯೂರಿನವರು, 1983ರಲ್ಲೂ 1984ರಲ್ಲೂ ಇದೇ ಆಯಿಲರ್ಸ್ ಕೈಯಲ್ಲಿ ಸೋತು ಮನೆಗೆ ಹೋದವರು. ಸರಣಿ ಏಳನೆಯ, ಕೊನೆಯ ಪಂದ್ಯಕ್ಕೆ ಬಂದಿತ್ತು. ಮೂರನೆಯ ಅವಧಿಯಲ್ಲಿ ಅಂಕ ಎರಡು–ಎರಡು. ಕ್ಯಾಲ್ಗರಿಯ ಪೆರಿ ಬೆರೆಜಾನ್ ಪಕ್ಕನ್ನು ಎಡ್ಮಂಟನ್ನಿನ ಮೂಲೆಗೆ ತಳ್ಳಿ, ಉಸಿರು ತೆಗೆದುಕೊಳ್ಳಲು ಬೆಂಚಿಗೆ ಮರಳಿದ. ಸ್ಮಿತ್ ಅದನ್ನು ತನ್ನ ಗೋಲಿನ ಪಕ್ಕದಲ್ಲಿ ಹಿಡಿದು, ತಲೆಯೆತ್ತಿ ನೋಡಿ, ಗೋಲಿನ ಮುಂಭಾಗದ ಮೂಲಕ ಆಚೆ ಬದಿಗೆ ಉದ್ದದ ಪಾಸ್ ಹೊಡೆದ. ಈ ಆಟ ಕಲಿಯುವ ಮಕ್ಕಳಿಗೆ ಮೊದಲ ವರ್ಷದಲ್ಲೇ ಬೇಡವೆಂದು ಹೇಳಿಕೊಡುವ ಪಾಸ್ ಅದು. ಪಕ್ ಗೋಲ್‌ಕೀಪರ್ ಗ್ರ್ಯಾಂಟ್ ಫ್ಯೂರ್ ಅವರ ಎಡಗಾಲಿನ ಹಿಂಭಾಗಕ್ಕೆ ಬಡಿದು ಬಲೆಯೊಳಗೆ ಹೋಯಿತು. ಸ್ಮಿತ್ ಮಂಜುಗಡ್ಡೆಯ ಮೇಲೆ ಬೋರಲು ಬಿದ್ದ. ಆಟ ಮುಗಿಯಲು ಇನ್ನೂ ಕಾಲು ಗಂಟೆಯಷ್ಟು ಸಮಯವಿದ್ದರೂ ಗ್ರೆಟ್ಸ್‌ಕಿಯ ತಂಡಕ್ಕೆ ಮತ್ತೊಂದು ಗೋಲು ಹೊಡೆಯಲಾಗಲಿಲ್ಲ.

ಪಂದ್ಯದ ನಂತರ ಸ್ಮಿತ್ ಅಳುತ್ತಲೇ ವರದಿಗಾರರ ಮುಂದೆ ಬಂದು ನಿಂತು ಉತ್ತರ ಕೊಟ್ಟ. ಹಿಂಬಾಗಿಲಿನಿಂದ ಹೋಗಬಹುದಾಗಿತ್ತು, ಹೋಗಲಿಲ್ಲ. ಆಯಿಲರ್ಸ್ ಮುಂದೆ 1987 ಮತ್ತು 1988ರಲ್ಲೂ ಕಪ್ ಗೆದ್ದಿತು. ಆ ಒಂದು ಪಾಸ್ ಇಲ್ಲದಿದ್ದರೆ ಸತತ ಐದು ಕಪ್ ಆಗುತ್ತಿತ್ತೆಂದು ಈ ಊರಿನವರು ಇಂದಿಗೂ ಲೆಕ್ಕ ಹಾಕುತ್ತಾರೆ. ನನ್ನ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಆ ರಾತ್ರಿ ಚೆನ್ನಾಗಿ ನೆನಪಿದೆ. ಅವರಾಗ ಶಾಲಾ ಬಾಲಕ. ಅಪ್ಪ ಎದ್ದು ಟಿವಿ ಆರಿಸಿ, ಯಾರೊಡನೆಯೂ ಮಾತಾಡದೆ, ಹೊರಗೆ ಹೋಗಿ ಕಾರಿನೊಳಗೆ ಕುಳಿತರಂತೆ. ಏಪ್ರಿಲ್ 30 ಬಂತೆಂದರೆ ನಮ್ಮ ಊಟದ ಮೇಜಿನಲ್ಲಿ ಆ ಮಾತು ಬಂದೇ ಬರುತ್ತದೆ. ಹೇಳುವವರ ಧ್ವನಿಯಲ್ಲಿ ನೋವು ಇರುತ್ತದೆ, ಆದರೆ ಸ್ಮಿತ್ ಹೆಸರು ಬಂದಾಗ ಅದರಲ್ಲಿ ಕಹಿ ಇರುವುದಿಲ್ಲ. ನಮ್ಮವನು ಎಂಬ ಸಲಿಗೆಯಿಂದಲೇ ಹೇಳುತ್ತಾರೆ.

ಇನ್ನೊಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಐಸ್ ಹಾಕಿಯ ಅಂಕಪಟ್ಟಿಯಲ್ಲಿ ಸ್ವಂತ ಗೋಲು ಎಂಬ ದಾಖಲೆಯೇ ಇಲ್ಲ. ಎದುರಾಳಿ ತಂಡದಲ್ಲಿ ಪಕ್ಕನ್ನು ಕೊನೆಯದಾಗಿ ಮುಟ್ಟಿದವನ ಹೆಸರಿಗೆ ಗೋಲು ಹೋಗುತ್ತದೆ. ಹಾಗಾಗಿ ಆ ಗೋಲು ಅಧಿಕೃತವಾಗಿ ಪೆರಿ ಬೆರೆಜಾನ್ ಹೆಸರಿನಲ್ಲಿದೆ. ಗೋಲಾದಾಗ ಆತ ಬೆಂಚಿನಲ್ಲಿ ಕುಳಿತಿದ್ದ, ಹುಟ್ಟೂರಂತೂ ಇದೇ ಎಡ್ಮಂಟನ್. ಪುಸ್ತಕವನ್ನಷ್ಟೇ ನೋಡಿದವರಿಗೆ ಸ್ಮಿತ್ ಮಾಡಿದ ತಪ್ಪು ಕಾಣಿಸುವುದೇ ಇಲ್ಲ. ಮರೆಯಬೇಕೆಂದಿದ್ದರೆ ಊರಿಗೆ ನಿಯಮವೇ ಅನುಕೂಲ ಮಾಡಿಕೊಟ್ಟಿತ್ತು. ಊರು ಮರೆಯಲಿಲ್ಲ, ಬಾಯಿಂದ ಬಾಯಿಗೆ ಉಳಿಸಿಕೊಂಡಿತು.

ಉಳಿಸಿಕೊಂಡ ರೀತಿ ಹೇಗಿತ್ತು ಎಂಬುದು 1987ರ ಮೇ 31ರಂದು ಕಂಡಿತು. ಅಂದು ಇದೇ ಊರಿನಲ್ಲಿ ಆಯಿಲರ್ಸ್ ಏಳನೆಯ ಪಂದ್ಯದಲ್ಲಿ ಫಿಲಡೆಲ್ಫಿಯಾವನ್ನು ಸೋಲಿಸಿತು. ಕಪ್ಪನ್ನು ಮೊದಲು ನಾಯಕನ ಕೈಗೆ ಕೊಡುವುದು, ಅವನು ತನಗೆ ಬೇಕಾದವರಿಗೆ ದಾಟಿಸುವುದು ಈ ಆಟದ ವಾಡಿಕೆ. ಹಾಗೆ ಮೊದಲು ಕಪ್ ಪಡೆಯುವುದೆಂದರೆ ಒಂದು ಆಟಗಾರನ ಜೀವಮಾನದ ಗೌರವ. ಗ್ರೆಟ್ಸ್‌ಕಿಯ ಸುತ್ತ ಮಾರ್ಕ್ ಮೆಸಿಯೇ, ಯಾರಿ ಕುರ್ರಿ, ಗ್ರ್ಯಾಂಟ್ ಫ್ಯೂರ್ ಮೊದಲಾದ ಘಟಾನುಘಟಿಗಳಿದ್ದರು. ಗ್ರೆಟ್ಸ್‌ಕಿ ಕಪ್ಪನ್ನು ಸ್ಟೀವ್ ಸ್ಮಿತ್ ಕೈಗೆ ಕೊಟ್ಟ. ಆ ದೃಶ್ಯದ ತುಣುಕನ್ನು ನಾನು ಎಷ್ಟು ಸಲ ನೋಡಿದರೂ ನನ್ನ ಕಣ್ಣು ಒದ್ದೆಯಾಗುತ್ತದೆ. ಕ್ಷಮಿಸಿದ್ದೇವೆ ಎಂದು ಯಾರೂ ಭಾಷಣ ಮಾಡಲಿಲ್ಲ. ಊರಿನ ಎದುರು, ಟಿವಿಯ ಎದುರು, ತಪ್ಪು ಮಾಡಿದವನ ಕೈಯಲ್ಲಿ ಕಪ್ ಇತ್ತು, ಅಷ್ಟೇ. ಕ್ಯಾಲ್ಗರಿಯ ಪ್ರೇಕ್ಷಕರು ಮಾತ್ರ ವರ್ಷಗಟ್ಟಲೆ, ಸ್ಮಿತ್ ತನ್ನ ಗೋಲಿನ ಹಿಂದೆ ಪಕ್ ಹಿಡಿದಾಗಲೆಲ್ಲ, ಹೊಡಿ ಹೊಡಿ ಎಂದು ಕೂಗಿ ಕಾಡುತ್ತಿದ್ದರು. ಅದೇ ಕ್ಯಾಲ್ಗರಿ ತಂಡಕ್ಕೆ ಮುಂದೊಂದು ದಿನ, 1999ರಲ್ಲಿ, ಆತನೇ ನಾಯಕನಾದ. ಆಮೇಲೆ ಎಡ್ಮಂಟನ್ನಿಗೆ ಮರಳಿ ಆಯಿಲರ್ಸ್‌ನ ಸಹಾಯಕ ತರಬೇತುದಾರನೂ ಆದ.

ತಪ್ಪನ್ನು ಅಳಿಸದೆ ಇಟ್ಟುಕೊಳ್ಳುವ ಈ ಗುಣ ಆ ಕಪ್ಪಿನ ಮೈಮೇಲೇ ಇದೆ. ಗೆದ್ದ ತಂಡಗಳ ಹೆಸರುಗಳನ್ನು ಬೆಳ್ಳಿಯ ಪಟ್ಟಿಗಳ ಮೇಲೆ ಒಂದೊಂದೇ ಅಕ್ಷರವಾಗಿ ಕೆತ್ತುತ್ತಾರೆ. 1972ರಲ್ಲಿ ಗೆದ್ದ ಬೋಸ್ಟನ್ ತಂಡದ ಹೆಸರಿನಲ್ಲಿ ಎರಡು ಕಡೆಯೂ ‘ಓ’ ಇರಬೇಕಾದಲ್ಲಿ ‘ಕ್ಯೂ’ ಕೆತ್ತಲಾಯಿತು. 1981ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಹೆಸರಿನಲ್ಲಿ ಒಂದಕ್ಷರವೇ ಬಿಟ್ಟುಹೋಯಿತು. 1963ರ ಟೊರೊಂಟೊ ಮೇಪಲ್ ಲೀಫ್ಸ್ ಹೆಸರಿನ ತಪ್ಪಿರುವ ಪಟ್ಟಿಯನ್ನು, ಕಪ್ಪಿನಲ್ಲಿ ಹೊಸ ಹೆಸರುಗಳಿಗೆ ಜಾಗ ಮಾಡಲು 2018ರಲ್ಲಿ ಬಿಚ್ಚಿದರು. ಅದೀಗ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ನಲ್ಲಿದೆ. ಅಲ್ಲಿಗೆ ಹೋದಾಗ ಒಬ್ಬ ಅಪ್ಪ ಮಗಳನ್ನು ಎತ್ತಿ ಹಿಡಿದು ಬೆಳ್ಳಿಯ ಮೇಲಿನ ತಪ್ಪು ಅಕ್ಷರವನ್ನು ಹುಡುಕಿಸುತ್ತಿದ್ದ. ಮಗು ಬೆರಳಿಟ್ಟು ತೋರಿಸಿದಾಗ, ನಿಂತವರೆಲ್ಲ ಸಂತೋಷಪಟ್ಟರು. ನಮ್ಮಲ್ಲಿ ಉದ್ಘಾಟನೆಯ ಶಿಲಾಫಲಕದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ರಾತ್ರೋರಾತ್ರಿ ಬಟ್ಟೆ ಮುಚ್ಚಿ, ಬೆಳಗಾಗುವಷ್ಟರಲ್ಲಿ ಹೊಸ ಕಲ್ಲು ನಿಲ್ಲಿಸುವುದನ್ನು ನಾನು ವಿರಾಜಪೇಟೆಯಲ್ಲೇ ಕಂಡಿದ್ದೇನೆ.

ಎಡ್ಮಂಟನ್ನಿನ ಪಾಲಿಗೆ ಇಂಥ ಪ್ರಸಂಗಗಳು ಇನ್ನೂ ಇವೆ. 2007ರ ಜನವರಿ 4ರಂದು ಇಲ್ಲಿಯೇ ಡಲ್ಲಾಸ್ ತಂಡದ ಪ್ಯಾಟ್ರಿಕ್ ಸ್ಟೆಫಾನ್ ಗೋಲ್‌ಕೀಪರ್ ಇಲ್ಲದ ಖಾಲಿ ಗೋಲಿನೆದುರು ಒಬ್ಬನೇ ಬಂದ. ಕೆಲವೇ ಸೆಕೆಂಡುಗಳು ಉಳಿದಿದ್ದವು. ಪಕ್ ಅವನ ಕೋಲಿನ ಮೇಲಿಂದ ಹಾರಿತು, ಅವನು ಬಿದ್ದ. ಎಡ್ಮಂಟನ್ನಿನವರು ಅದೇ ಪಕ್ಕನ್ನು ಇನ್ನೊಂದು ತುದಿಗೆ ಒಯ್ದು, ಎರಡು ಸೆಕೆಂಡು ಉಳಿದಿದ್ದಾಗ ಸಮ ಮಾಡಿದರು. ಕೊನೆಗೆ ಶೂಟ್‌ಔಟ್‌ನಲ್ಲಿ ಡಲ್ಲಾಸ್ ಗೆದ್ದಿತಾದರೂ, 1999ರಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಎಲ್ಲರಿಗಿಂತ ಮೊದಲು ಆಯ್ಕೆಯಾಗಿದ್ದ ಸ್ಟೆಫಾನ್‌ಗೆ, ಈ ತಂಡಗಳೆಲ್ಲ ಆಡುವ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಅದೇ ಕೊನೆಯ ಋತು. 2002ರಲ್ಲಿ ಕೊಲರಾಡೊದ ಮಹಾನ್ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ, ಪಕ್ ತನ್ನ ಕೈಯೊಳಗಿದೆಯೆಂದು ಗವಸನ್ನು ಎತ್ತಿ ತೋರಿಸುತ್ತಿದ್ದಾಗಲೇ ಅದು ಕಾಲ ಬಳಿ ಬಿದ್ದಿತ್ತು, ಡೆಟ್ರಾಯಿಟ್‌ನವರು ಗೋಲು ಹೊಡೆದರು. 1993ರಲ್ಲಿ ಗ್ರೆಟ್ಸ್‌ಕಿಯ ಕೋಲು ಟೊರೊಂಟೊದ ಡಗ್ ಗಿಲ್ಮರ್ ಮುಖಕ್ಕೆ ತಾಗಿದ್ದನ್ನು ಕಾಣದೆ ಬಿಟ್ಟ ರೆಫರಿ ಕೆರಿ ಫ್ರೇಸರ್, ಅದು ತನ್ನಿಂದಾದ ತಪ್ಪೆಂದು ಆಮೇಲೆ ತಾನೇ ಬಹಿರಂಗವಾಗಿ ಒಪ್ಪಿಕೊಂಡ. ಒಬ್ಬ ಅಂಪೈರ್ ಹಾಗೆ ಹೇಳಿದ್ದನ್ನು ನಾನು ಊರಿನಲ್ಲಿ ಬೆಳೆಯುವಾಗ ಕೇಳಿರಲಿಲ್ಲ.

ಎಲ್ಲ ಪರದೇಶಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಬೆಲಾರಸ್‌ನ ವ್ಲಾದಿಮಿರ್ ಕೊಪಾತ್ ಬಹು ದೂರದಿಂದ ಹೊಡೆದ ಪಕ್ ಸ್ವೀಡನ್ನಿನ ಗೋಲ್‌ಕೀಪರ್ ಟಾಮಿ ಸಾಲೊನ ಮುಖವಾಡಕ್ಕೆ ಬಡಿದು, ಬೆನ್ನ ಹಿಂದೆ ಪುಟಿದು, ಗೆರೆ ದಾಟಿತು. ಸ್ವೀಡನ್ ಸೋತಿತು. ಅಲ್ಲಿನ ಪತ್ರಿಕೆಯೊಂದು ಆಟಗಾರರ ಭಾವಚಿತ್ರಗಳನ್ನು ಅವರವರ ಸಂಬಳದ ಸಮೇತ ಅಚ್ಚು ಹಾಕಿ, ಇವರು ದೇಶಕ್ಕೆ ದ್ರೋಹ ಬಗೆದರು ಎಂದು ಬರೆಯಿತು. ಆ ಸಾಲೊ ಆಗ ಎಡ್ಮಂಟನ್ ಆಯಿಲರ್ಸ್‌ನ ಗೋಲ್‌ಕೀಪರ್. ತನ್ನ ದೇಶ ದೂಷಿಸಿದ ಮನುಷ್ಯ ಈ ಊರಿನ ಗೋಲಿಗೆ ಮರಳಿ ಬಂದು, ಮತ್ತೆರಡು ವರ್ಷ ಇಲ್ಲಿಯೇ ನಿಂತ.

ಸ್ವೀಡನ್ನಿನ ಆ ಪತ್ರಿಕೆಯ ಮಾತು ನಮ್ಮವರಿಗೆ ಹೊಸದಲ್ಲ. 1982ರ ಡಿಸೆಂಬರ್ 1ರಂದು ದೆಹಲಿಯ ಏಷ್ಯನ್ ಗೇಮ್ಸ್ ಹಾಕಿ ಫೈನಲ್‌ನಲ್ಲಿ, ಪ್ರಧಾನಿಯವರ ಎದುರೇ, ಭಾರತ ಪಾಕಿಸ್ತಾನಕ್ಕೆ ಏಳು–ಒಂದರಿಂದ ಸೋತಿತು. ಹನ್ನೊಂದು ಮಂದಿ ಆಡಿ ಸೋತ ಪಂದ್ಯದ ಹೊರೆಯನ್ನೆಲ್ಲ ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಒಬ್ಬರ ತಲೆಗೆ ಕಟ್ಟಲಾಯಿತು. ಹಣ ತಿಂದಿದ್ದಾನೆ ಎಂದರು, ದೇಶದ್ರೋಹಿ ಎಂದರು. ಯಾವ ಪುರಾವೆಯೂ ಇರಲಿಲ್ಲ. ನೇಗಿ ಹಾಕಿಯಿಂದಲೇ ದೂರವಾಗಿ ವರ್ಷಗಟ್ಟಲೆ ಆ ಮಾತನ್ನು ಹೊತ್ತು ಬದುಕಿದರು. ನಾನು ಹುಟ್ಟಿ ಬೆಳೆದ ಕೊಡಗಿನಲ್ಲಿ ಹಾಕಿ ಗೊತ್ತಿಲ್ಲದ ಮನೆಯಿಲ್ಲ, ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಅವರಂಥವರನ್ನು ದೇಶಕ್ಕೆ ಕೊಟ್ಟ ನೆಲ ಅದು. ಅಂಥ ನೆಲದಲ್ಲೂ, ಆಟ ಬಲ್ಲ ಹಿರಿಯರೇ, ರಕ್ಷಣಾ ಆಟಗಾರರೆಲ್ಲ ಎಲ್ಲಿದ್ದರು ಎಂದು ಕೇಳದೆ, ನೇಗಿಯ ಹೆಸರೆತ್ತಿ ನಾಲಿಗೆ ಕಚ್ಚಿಕೊಂಡು ಸುಮ್ಮನಾಗುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಗೋಲ್‌ಕೀಪರ್ ಎದುರಿಗೆ ಆರು ಜನ ನುಗ್ಗಿ ಬರುವಾಗ ಏನಾಗುತ್ತದೆಂದು ಚೆನ್ನಾಗಿ ತಿಳಿದವರವರು.

ನನ್ನ ಶಾಲೆಯ ಸಹಪಾಠಿಯೊಬ್ಬ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತನ್ನ ಮನೆತನದ ತಂಡಕ್ಕೆ ಗೋಲ್‌ಕೀಪರ್ ಆಗಿದ್ದ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಆ ಉತ್ಸವ ಆಗ ಬೆಳೆಯುತ್ತಿದ್ದ ಕಾಲ. ಮೂರು ತಲೆಮಾರಿನವರು ಒಂದೇ ತಂಡದಲ್ಲಿ ಆಡುವ, ಅಜ್ಜಿಯರು ಛತ್ರಿ ಹಿಡಿದು ಕೂಗುವ ಆ ಮೈದಾನದಷ್ಟು ಚಂದದ ಮೈದಾನವನ್ನು ನಾನು ಕೆನಡಾದಲ್ಲೂ ಕಂಡಿಲ್ಲ. ಅಲ್ಲಿ ಒಂದು ಸಾಧಾರಣ ಚೆಂಡು ಅವನ ಪ್ಯಾಡುಗಳ ನಡುವೆ ನುಸುಳಿತು, ಮನೆತನ ಸೋತಿತು. ಬೈದವರಿಲ್ಲ. ಅವನ ಎದುರಿಗೆ ಆ ವಿಷಯ ಎತ್ತಿದವರೂ ಇಲ್ಲ. ಆದರೆ ಅವನು ಬರುವಾಗ ಮಾತು ನಿಲ್ಲುತ್ತಿತ್ತು, ಅವನು ಹೋದ ಮೇಲೆ ಮುಂದುವರಿಯುತ್ತಿತ್ತು. ಮದುವೆ ಮನೆಯಲ್ಲಿ, ಪುತ್ತರಿಯಲ್ಲಿ, ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಹಾಗೆಯೇ ಆಗುತ್ತಿತ್ತು. ಅವನು ಮತ್ತೆ ಗೋಲಿನಲ್ಲಿ ನಿಲ್ಲಲಿಲ್ಲ. ಯಾರಾದರೂ ಒಬ್ಬರು, ಆ ಚೆಂಡಿನ ಬಗ್ಗೆ ಅವನ ಮುಖ ನೋಡಿ ಮಾತಾಡಿ, ಮುಂದಿನ ವರ್ಷ ಬಾ ಎಂದಿದ್ದರೆ ಎಂದು ನಾನು ಇಲ್ಲಿ ಕುಳಿತು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮರ್ಯಾದೆ ಕಾಪಾಡುವ ಹೆಸರಿನಲ್ಲಿ ನಾವು ಮನುಷ್ಯನನ್ನು ಅವನ ತಪ್ಪಿನ ಜೊತೆ ಒಂಟಿಯಾಗಿ ಬಿಟ್ಟುಬಿಡುತ್ತೇವೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗಿಗೂ, ಅಂಗಡಿಯಲ್ಲಿ ನಷ್ಟ ಮಾಡಿಕೊಂಡ ಚಿಕ್ಕಪ್ಪನಿಗೂ ನಮ್ಮಲ್ಲಿ ಆಗುವುದು ಇದೇ.

ಇಷ್ಟು ಹೇಳಿದ ಮೇಲೆ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದದ್ದು ಇದೆ. ಈ ಆಟ ತೆರೆದ ಬಾಯಿಂದ ಹೇಳಿಕೊಳ್ಳುವುದು ಕೈತಪ್ಪಿ, ಕಾಲುಜಾರಿ ಆದದ್ದನ್ನು. ಮನಸ್ಸಾರೆ ಮಾಡಿದ್ದರ ವಿಷಯದಲ್ಲಿ ಅದರ ಬಾಯಿ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಡಾನ್ ಚೆರಿಯವರನ್ನೇ ನೋಡಿ. 1979ರ ಮೇ 10ರಂದು ಮಾಂಟ್ರಿಯಲ್‌ನಲ್ಲಿ ಏಳನೆಯ ಪಂದ್ಯ. ಚೆರಿ ತರಬೇತುದಾರರಾಗಿದ್ದ ಬೋಸ್ಟನ್ ತಂಡ ಆಟ ಮುಗಿಯಲು ಮೂರು ನಿಮಿಷವೂ ಇಲ್ಲದಾಗ ನಾಲ್ಕು–ಮೂರರಿಂದ ಮುಂದಿತ್ತು. ಆಗ ಬೋಸ್ಟನ್ನಿನ ಕಡೆಯಿಂದ ಒಬ್ಬ ಆಟಗಾರ ಹೆಚ್ಚಾಗಿ ಇಳಿದು ದಂಡ ಬಿತ್ತು, ಗೀ ಲಾಫ್ಲರ್ ಸಮ ಮಾಡಿದ, ಹೆಚ್ಚುವರಿ ಅವಧಿಯಲ್ಲಿ ಮಾಂಟ್ರಿಯಲ್ ಗೆದ್ದಿತು. ಚೆರಿ ತಪ್ಪು ತನ್ನದೇ ಎಂದು ಹೊತ್ತುಕೊಂಡರು, ಕೆಲಸ ಕಳೆದುಕೊಂಡರು. ದೇಶ ಅವರನ್ನು ಟಿವಿಗೆ ಕರೆತಂದು ದಶಕಗಳ ಕಾಲ ಶನಿವಾರ ರಾತ್ರಿಗಳಲ್ಲಿ ಕೇಳಿತು. ಅದೇ ಚೆರಿ 2019ರ ನವೆಂಬರ್‌ನಲ್ಲಿ, ಯುದ್ಧದಲ್ಲಿ ಮಡಿದವರ ನೆನಪಿನ ಗಸಗಸೆ ಹೂವನ್ನು ವಲಸೆ ಬಂದ ‘ನೀವುಗಳು’ ಧರಿಸುವುದಿಲ್ಲ ಎಂದರು. ಆ ಹೂವನ್ನು ನಾನು ಪ್ರತಿ ನವೆಂಬರ್‌ನಲ್ಲಿ ಕೋಟಿಗೆ ಸಿಕ್ಕಿಸಿಕೊಳ್ಳುತ್ತೇನೆ. ಆ ಮಾತು ನನ್ನನ್ನು ಕುರಿತದ್ದೇ ಆಗಿತ್ತು. ಜೊತೆಗೆ ಕುಳಿತಿದ್ದ ರಾನ್ ಮೆಕ್ಲೀನ್ ಕ್ಷಮೆ ಕೇಳಿದರು, ಚೆರಿ ಕೇಳಲಿಲ್ಲ, ವಾಹಿನಿ ಅವರನ್ನು ತೆಗೆದುಹಾಕಿತು. ಒಬ್ಬ ಹೆಚ್ಚುವರಿ ಆಟಗಾರನ ತಪ್ಪನ್ನು ಹೊತ್ತ ಮನುಷ್ಯನಿಗೆ ಇದನ್ನು ಹೊರಲಾಗಲಿಲ್ಲ.

ವ್ಯಾಂಕೂವರ್‌ನಲ್ಲಿ 2004ರ ಮಾರ್ಚ್ 8ರಂದು ಟಾಡ್ ಬರ್ಟುಜಿ ಹಿಂದಿನಿಂದ ಬಂದು ಕೊಲರಾಡೊದ ಸ್ಟೀವ್ ಮೂರ್ ಅವರ ತಲೆಗೆ ಗುದ್ದಿ ಮಂಜುಗಡ್ಡೆಗೆ ಕೆಡವಿದ. ಮೂರ್ ಕತ್ತಿನ ಮೂಳೆಗಳು ಮುರಿದವು. ಅವರು ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಬರ್ಟುಜಿ ಕ್ಯಾಮೆರಾಗಳ ಮುಂದೆ ಅತ್ತು ಕ್ಷಮೆ ಕೇಳಿದ, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ, 2005ರಲ್ಲಿ ಆಟಕ್ಕೆ ಮರಳಿದ. ಮೂರ್ ಹೂಡಿದ ದಾವೆ 2014ರ ತನಕ ಎಳೆದು, ವಿಚಾರಣೆ ಶುರುವಾಗುವ ಮೊದಲೇ ಗುಟ್ಟಿನ ರಾಜಿಯಲ್ಲಿ ಮುಗಿಯಿತು. ಡ್ರೆಸಿಂಗ್ ರೂಮಿನಲ್ಲಿ ಯಾರು ಯಾರಿಗೆ ಏನು ಹೇಳಿದ್ದರೆಂಬುದು ಸಾಕ್ಷಿಕಟ್ಟೆಗೆ ಬರಲೇ ಇಲ್ಲ.

ಎಲ್ಲಕ್ಕಿಂತ ನೋವಿನದು ಶಿಕಾಗೊದ್ದು. 2010ರಲ್ಲಿ ಆ ತಂಡ ಕಪ್ಪಿನತ್ತ ಹೋಗುತ್ತಿದ್ದಾಗ, ಕೈಲ್ ಬೀಚ್ ಎಂಬ ಯುವ ಆಟಗಾರ ತಂಡದ ವಿಡಿಯೊ ತರಬೇತುದಾರನಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದು ಮೇಲಿನವರ ಕಿವಿಗೆ ಬಿತ್ತು. ಮೇ 23ರಂದು ಅವರು ಸಭೆ ಸೇರಿದರು. ಕಪ್ ಗೆಲ್ಲುವ ತನಕ ಏನೂ ಮಾಡಲಿಲ್ಲ. ಆ ಮನುಷ್ಯನ ಹೆಸರೂ ಕಪ್ಪಿನ ಮೇಲೆ ಕೆತ್ತಲ್ಪಟ್ಟಿತು. ಅವನು ಸದ್ದಿಲ್ಲದೆ ಹೊರಹೋಗಿ, ಮುಂದೆ ಮಿಷಿಗನ್‌ನಲ್ಲಿ ಒಬ್ಬ ಶಾಲಾ ವಿದ್ಯಾರ್ಥಿಯ ಪ್ರಕರಣದಲ್ಲಿ ಅಪರಾಧಿಯೆಂದು ಸಾಬೀತಾದ. ಬೀಚ್ ತನ್ನ ಹೆಸರು ಹೇಳಿಕೊಂಡು ಮಾತಾಡಲು 2021ರ ಅಕ್ಟೋಬರ್ ಆಗಬೇಕಾಯಿತು. ಎಷ್ಟೋ ತಪ್ಪು ಅಕ್ಷರಗಳನ್ನು ತಿದ್ದದೆ ಇಟ್ಟುಕೊಂಡ ಅದೇ ಕಪ್ಪಿನಲ್ಲಿ, ಆ ಹೆಸರಿನ ಮೇಲೆ ಸಾಲಾಗಿ ಗುಣಾಕಾರದ ಚಿಹ್ನೆಗಳನ್ನು ಹೊಡೆದು ಮುಚ್ಚಿದರು. ತಂಡಕ್ಕೆ ಇಪ್ಪತ್ತು ಲಕ್ಷ ಡಾಲರ್ ದಂಡ ಬಿತ್ತು. ಆ ಸಭೆಯಲ್ಲಿದ್ದ ಜನರಲ್ ಮ್ಯಾನೇಜರ್ ಸ್ಟ್ಯಾನ್ ಬೌಮನ್ ರಾಜೀನಾಮೆ ಕೊಟ್ಟರು. 2024ರ ಜುಲೈನಲ್ಲಿ ಲೀಗ್ ಅವರಿಗೆ ಮರಳಲು ಅನುಮತಿ ಕೊಟ್ಟಿತು, ಅದೇ ತಿಂಗಳು ಅವರನ್ನು ಜನರಲ್ ಮ್ಯಾನೇಜರ್ ಆಗಿ ನೇಮಿಸಿಕೊಂಡದ್ದು ನನ್ನ ಈ ಎಡ್ಮಂಟನ್ ಆಯಿಲರ್ಸ್.

ಆ ದಿನ ಕಚೇರಿಯಲ್ಲಿ ಜೋರು ವಾದವಾಯಿತು. ಸ್ಮಿತ್‌ನನ್ನು ಕ್ಷಮಿಸಿದ ಊರು ಇದು, ಬೌಮನ್‌ಗೂ ಎರಡನೆಯ ಅವಕಾಶ ಬೇಡವೇ ಎಂದು ಒಬ್ಬರೆಂದರು. ನನಗೆ ಕೋಪ ಬಂತು. ಸ್ಮಿತ್‌ನಿಂದ ನೊಂದವರು ಅವನ ತಂಡದವರು ಮತ್ತು ಈ ಊರಿನವರು, ಕ್ಷಮಿಸಿದವರೂ ಅವರೇ. ಶಿಕಾಗೊದಲ್ಲಿ ನೊಂದವನು ಒಬ್ಬ ಹುಡುಗ. ಅವನ ಪರವಾಗಿ ಲೀಗ್ ಆಗಲಿ ಊರಾಗಲಿ ಕ್ಷಮಿಸಲು ಬರುವುದಿಲ್ಲ. ಯಾರ ಮುಂದೂ ಹೇಳಬೇಡ ಎಂಬ ಮಾತು ನಮ್ಮೂರಿನದು ಮಾತ್ರವೆಂದು ನಾನು ತಿಳಿದಿದ್ದೆ. ಕೋಟಿಗಟ್ಟಲೆ ಡಾಲರಿನ ಈ ಕ್ರೀಡೆಯ ಸಭಾಕೋಣೆಯಲ್ಲೂ ಅದು ನಡೆದಿದೆ, ಅಲ್ಲಿ ಅದರ ಹಿಂದೆ ಮೊಮ್ಮಗನ ಮೇಲಿನ ಮಮತೆಯಂಥದ್ದು ಯಾವುದೂ ಇರಲಿಲ್ಲ. ಸ್ಮಿತ್ ಕಥೆಯೂ ಇಷ್ಟು ಸಿಹಿಯಾಗಿ ಉಳಿದಿರುವುದಕ್ಕೆ ಮರುವರ್ಷ ಗೆದ್ದ ಕಪ್ ಕಾರಣವೆಂಬುದನ್ನು ಒಪ್ಪಬೇಕು. ಆಯಿಲರ್ಸ್ 1987ರಲ್ಲಿ ಸೋತಿದ್ದರೆ ಗ್ರೆಟ್ಸ್‌ಕಿಯ ಕೈಯಲ್ಲಿ ಅವನಿಗೆ ಕೊಡಲು ಏನೂ ಇರುತ್ತಿರಲಿಲ್ಲ.

ಈ ಲೆಕ್ಕದಲ್ಲಿ ನಮ್ಮವರ ಪಾಲಿಗೂ ಒಂದು ಒಳ್ಳೆಯದನ್ನು ಬರೆಯಬೇಕು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಹೊರಟ ಭಾರತ ತಂಡದ ಗೋಲ್‌ಕೀಪರ್‌ಗಳಿಗೆ ಕಲಿಸಲು ನೇಗಿಯವರನ್ನೇ ಕರೆಸಿಕೊಂಡರು. ಧನರಾಜ್ ಪಿಳ್ಳೈ ನಾಯಕರಾಗಿದ್ದ ಆ ತಂಡ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಗೋಲಿನಲ್ಲಿ ನಿಂತು ಆ ಹೊಡೆತಗಳನ್ನು ತಡೆದವರು ನಮ್ಮ ಬೆಂಗಳೂರಿನ ಆಶಿಷ್ ಬಲ್ಲಾಳ್. ನೇಗಿಯವರ ಬಳಿ ಆಗ ತೋರಿಸಲು ಗೆಲುವೊಂದೂ ಇರಲಿಲ್ಲ. ಅಂಥವರನ್ನು ನಂಬಿ ಕರೆದವರು ನಮ್ಮಲ್ಲೂ ಇದ್ದರು. ಅದು ಗ್ರೆಟ್ಸ್‌ಕಿ ಮಾಡಿದ್ದಕ್ಕಿಂತ ಕಷ್ಟದ ಕೆಲಸವೆಂದು ಒಪ್ಪುತ್ತೇನೆ. ಆದರೆ ಆ ಕರೆ 1983ರಲ್ಲೇ ಹೋಗಬೇಕಿತ್ತು, ಆಟಗಾರನಾಗಿ ಮತ್ತೆ ಗೋಲಿನಲ್ಲಿ ನಿಲ್ಲು ಎಂದು ಹೋಗಬೇಕಿತ್ತು. ಆ ಮಾತನ್ನು ಮಾತ್ರ ನಾನು ಹಿಂತೆಗೆದುಕೊಳ್ಳುವುದಿಲ್ಲ.